15 ಸಾವಿರದ ಫೋನು, ಮಾಳಿಗೆ ಮೇಲಿನ ಸಿಗ್ನಲ್ಲು

ಪ್ರಶ್ನೆ: ನಮ್ಮದು ಮುಂಡರಗಿ ತಾಲ್ಲೂಕಿನಲ್ಲಿ ಕಪ್ಪತಗುಡ್ಡದ ಬುಡದ ಊರು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಾಳಿಗೆ ಹತ್ತಿ ಮಾತಾಡಬೇಕು. ನಾನು ದಿನಾ ಗದಗಕ್ಕೆ ಕೆಲಸಕ್ಕೆ ಹೋಗಿಬರುತ್ತೇನೆ. ತಂಗಿ ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಅಪ್ಪನದು ಹಳೆಯ ಕೀಪ್ಯಾಡ್ ಫೋನು. ಈಗ 15 ಸಾವಿರದೊಳಗೆ ಒಂದು ಸ್ಮಾರ್ಟ್‌ಫೋನ್ ಕೊಳ್ಳಬೇಕು, ಹೊಲದ ಕೆಲಸಕ್ಕೂ ಅದೇ ಆಗಬೇಕು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ‘5ಜಿ ಫೋನ್ ಒಯ್ರಿ, ನೆಟ್‌ವರ್ಕ್ ತಾನ ಚಲೋ ಬರ್ತದ’ ಎಂದರು. ನಿಜವೇ? ಯಾವ ಕಂಪನಿಯ ಸಿಮ್ ಒಳ್ಳೆಯದು? ರೀಚಾರ್ಜ್ 28 ದಿನದ್ದು ಮಾಡಿಸಬೇಕೋ ವರ್ಷದ್ದೋ?

ಉತ್ತರ: ಅಂಗಡಿಯವರ ಮಾತು ನಂಬಿ ಫೋನ್ ಒಯ್ದರೆ ಹೊಸ ಫೋನ್ ಹಿಡಿದುಕೊಂಡು ಅದೇ ಮಾಳಿಗೆ ಹತ್ತಬೇಕಾಗಬಹುದು. ಫೋನು ನೆಟ್‌ವರ್ಕನ್ನು ಹುಟ್ಟಿಸುವುದಿಲ್ಲ. ನಿಮ್ಮ ಊರಿಗೆ ಯಾವ ಕಂಪನಿಯ ಟವರ್ ಎಷ್ಟು ದೂರದಲ್ಲಿದೆ, ನಡುವೆ ಗುಡ್ಡ ಇದೆಯೋ ಇಲ್ಲವೋ, ಆ ಟವರ್ ಯಾವ ತರಂಗಾಂತರದಲ್ಲಿ ಮಾತಾಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ನೀವು ಕೇಳಿದ ಕ್ರಮವನ್ನೇ ತಿರುಗಿಸಿ: ಮೊದಲು ಸಿಮ್ ಯಾವುದೆಂದು ನಿಮ್ಮ ನಡುಮನೆಯಲ್ಲಿ ನಿಂತು ನಿರ್ಧರಿಸಿ, ಆಮೇಲೆ ಆ ಸಿಮ್ಮಿಗೆ ಒಪ್ಪುವ ಫೋನ್ ಹುಡುಕಿ. ಬಹಳ ಜನ ಫೋನ್ ಕೊಂಡು, ಅದಕ್ಕೆ ಪ್ಲಾನ್ ಹಾಕಿಸಿ, ಕಡೆಗೆ ‘ನಮ್ಮೂರಾಗ ನೆಟ್‌ವರ್ಕ್ ಇಲ್ರೀ’ ಎಂದು ಫೋನನ್ನು ಬೈಯುತ್ತಾರೆ.

ಮನೆಯೊಳಗೆ ಸಿಗ್ನಲ್ ಯಾಕೆ ಸಾಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉಳಿದ ಉತ್ತರವೆಲ್ಲ ಅದರ ಮೇಲೆಯೇ ಕೂತಿದೆ. ನಮ್ಮ ಕಡೆಯ ಹಳೇ ಮನೆಗಳ ಮಣ್ಣಿನ ಗೋಡೆ ಬಲು ದಪ್ಪ. ಮೇಲೆ ತೊಲೆ-ಜಂತಿ ಹಾಕಿ ಮಣ್ಣು ಹೊದಿಸಿದ ಮೇಲ್ಮುದ್ದೆ. ಬೇಸಿಗೆಯಲ್ಲಿ ಇಂಥ ಮನೆ ತಂಪು, ರೇಡಿಯೊ ತರಂಗಕ್ಕೆ ಮಾತ್ರ ಕೋಟೆ. ತಗಡಿನ ಮನೆಯಾದರೆ ಇನ್ನೂ ಕಷ್ಟ, ಲೋಹ ತರಂಗವನ್ನು ಹಿಂದಕ್ಕೇ ಕಳಿಸುತ್ತದೆ. ಎಲ್ಲ ತರಂಗಗಳೂ ಗೋಡೆಗೆ ಒಂದೇ ರೀತಿ ಸೋಲುವುದಿಲ್ಲ. ಕಡಿಮೆ ಆವರ್ತನದ 700, 850, 900 ಮೆಗಾಹರ್ಟ್ಸ್ ತರಂಗಗಳು ದೂರ ಹೋಗುತ್ತವೆ, ಗೋಡೆ ತೂರುತ್ತವೆ, ಗುಡ್ಡದ ಅಂಚನ್ನು ಸ್ವಲ್ಪ ಬಳಸಿಕೊಂಡು ಬರುತ್ತವೆ. 2300 ಅಥವಾ 3300 ಮೆಗಾಹರ್ಟ್ಸ್‌ನವು ವೇಗ ಕೊಡುತ್ತವೆ, ಆದರೆ ಹತ್ತಿರದಲ್ಲಷ್ಟೇ ಗಟ್ಟಿ, ದಪ್ಪ ಗೋಡೆ ಕಂಡರೆ ಹೊರಗೇ ನಿಲ್ಲುತ್ತವೆ. ನೀವು ಮಾಳಿಗೆ ಹತ್ತಿದಾಗ ಎತ್ತರ ಸಿಗುತ್ತದೆ, ಗೋಡೆ ತಪ್ಪುತ್ತದೆ; ಗುಟ್ಟು ಅಷ್ಟೇ.

ಯಾರ ಬಳಿ ಯಾವ ತರಂಗ ಇದೆ? ಜಿಯೊದ 4ಜಿ ಓಡುವುದು 850, 1800, 2300ರಲ್ಲಿ. 5ಜಿಗೆ ಅದು 700 ಮತ್ತು 3300 ಎರಡನ್ನೂ ಬಳಸುತ್ತದೆ. 2022ರ ತರಂಗಾಂತರ ಹರಾಜಿನಲ್ಲಿ ದೇಶದ 22 ದೂರಸಂಪರ್ಕ ವಲಯಗಳಲ್ಲೂ 700ರ ತರಂಗ ಕೊಂಡದ್ದು ಜಿಯೊ. ಏರ್‌ಟೆಲ್ ಆ ಹರಾಜಿನಲ್ಲಿ 700 ಕೊಳ್ಳಲಿಲ್ಲ, ಅದರ 5ಜಿ ಮುಖ್ಯವಾಗಿ 3300ರ ಮೇಲೆ ನಿಂತಿದೆ. ಆದರೆ 4ಜಿಗೆ ಅದರ ಬಳಿ 900 ಇದೆ, ಕೀಪ್ಯಾಡ್ ಫೋನಿಗೆ ಬೇಕಾದ 2ಜಿ ಕೂಡ ಇದೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶವ್ಯಾಪಿ ಆರಂಭಿಸಿತು. ಅದು ಬಳಸುವುದು ಮುಖ್ಯವಾಗಿ 700 ಮತ್ತು 2100. ಹಳೆಯ ಬಿಎಸ್‌ಎನ್‌ಎಲ್ ಸಿಮ್ ಇದ್ದವರು ಅದನ್ನು 4ಜಿ ಸಿಮ್ಮಿಗೆ ಬದಲಿಸಿಕೊಂಡು ನೋಡದೆ ‘ಅದೇನ್ ಬಿಡ್ರೀ’ ಎಂದು ತಳ್ಳಿಹಾಕಬಾರದು. ಗುಡ್ಡದ ಬದಿಯ ಕೆಲವು ಊರುಗಳಲ್ಲಿ ಹತ್ತಿರದ ಟವರ್ ಅವರದೇ ಆಗಿರುತ್ತದೆ.

ಇಲ್ಲಿ 5ಜಿ ಬಗ್ಗೆ ಒಂದು ಮಾತು. ಹಳ್ಳಿಯಲ್ಲಿ ಜಿಯೊ ಸಿಮ್ ಇರುವ ಫೋನಿನ ಮೇಲ್ತುದಿಯಲ್ಲಿ 5ಜಿ ಎಂದು ಬಂದರೆ, ಅದು ಅನೇಕ ಸಲ ದೂರದ ಟವರಿನಿಂದ 700ರಲ್ಲಿ ಬಂದದ್ದು. ಆ ತರಂಗದ ಪಟ್ಟಿ, ಅಂದರೆ ದಾರಿಯ ಅಗಲ, ಕಿರಿದು, ಜಿಯೊ ಬಳಿ ಅದರಲ್ಲಿ 10 ಮೆಗಾಹರ್ಟ್ಸ್ ಅಷ್ಟೇ ಇದೆ. ಹೀಗಾಗಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಂಡ ವೇಗ ಅಲ್ಲಿ ಸಿಗುವುದಿಲ್ಲ. ಚಿಹ್ನೆ ಒಂದೇ, ಹಿಂದಿರುವ ತರಂಗ ಬೇರೆ. ಹಾಗಂತ ಅದು ಕೆಲಸಕ್ಕೆ ಬಾರದ್ದೂ ಅಲ್ಲ. ನಡುಮನೆಯಲ್ಲಿ ಕರೆ ನಿಂತರೆ ಸಾಕು ಎನ್ನುವವರಿಗೆ 700ರ 5ಜಿ ಕೆಲವೊಮ್ಮೆ 4ಜಿಗಿಂತ ಆಸರೆಯಾಗುತ್ತದೆ. ಅಂಗಡಿಯವರು ಹೇಳಿದ್ದರಲ್ಲಿ ಏನಾದರೂ ಸತ್ಯವಿದ್ದರೆ ಅದು ಇಷ್ಟು ಮಾತ್ರ, ಅದೂ ನಿಮ್ಮ ಹತ್ತಿರದ ಟವರಿಗೆ 5ಜಿ ಬಂದಿದ್ದರೆ.

ಈಗ ಪರೀಕ್ಷೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಫೋನ್ ತಯಾರಿಸುವವರು ತಮಗೆ ಬೇಕಾದಂತೆ ಇಟ್ಟುಕೊಂಡಿರುತ್ತಾರೆ. ಒಂದೇ ಜಾಗದಲ್ಲಿ ಒಂದು ಫೋನ್ ಮೂರು ಕಡ್ಡಿ, ಇನ್ನೊಂದು ಎರಡು ತೋರಿಸುವುದುಂಟು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ಎಂದಿರುತ್ತದೆ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎದುರು ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಅಂಕಿಯೊಂದು ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105ರವರೆಗೆ ನಡೆಯುತ್ತದೆ. 110 ದಾಟಿದರೆ ಮಾತು ತುಂಡಾಗುತ್ತದೆ, 120ರ ಹತ್ತಿರ ಹೋದರೆ ಫೋನು ಕೈಯಲ್ಲಿ ಇದ್ದೂ ಇಲ್ಲದಂತೆ. ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಬಡವಾಯಿತು ಎಂದು ಓದಿಕೊಳ್ಳಿ.

ಮನೆಗೆ ಬೀಗರು ಬಂದಾಗ, ಜಾತ್ರೆಗೆ ನೆಂಟರು ನೆರೆದಾಗ ಒಬ್ಬೊಬ್ಬರದು ಒಂದೊಂದು ಸಿಮ್ ಇರುತ್ತದಲ್ಲ, ಅದೇ ಒಳ್ಳೆ ಸಮಯ. ನಡುಮನೆ, ಅಡುಗೆಮನೆ, ಹೊಲ, ಮೂರೂ ಕಡೆ ಆ ಅಂಕಿ ನೋಡಿ ಬರೆದುಕೊಳ್ಳಿ. ಇನ್ನೊಮ್ಮೆ ರಾತ್ರಿ ಎಂಟರಿಂದ ಹತ್ತರೊಳಗೆ ಇಂಟರ್‌ನೆಟ್ ವೇಗ ನೋಡಿ. ಸಿಗ್ನಲ್ ತುಂಬಿದ್ದರೂ ವಿಡಿಯೊ ಸುತ್ತುತ್ತಾ ಕೂತರೆ ಟವರ್ ಮೇಲೆ ಜನದಟ್ಟಣೆ ಇದೆ ಎಂದರ್ಥ, ಅದನ್ನು ಯಾವ ಫೋನೂ ಸರಿಮಾಡಲಾರದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್ ಇದಕ್ಕೆ ಸಾಕು. ಕಂಪನಿಗಳು ತಮ್ಮ ಜಾಲತಾಣದಲ್ಲಿ ನೆಟ್‌ವರ್ಕ್ ನಕ್ಷೆ ಹಾಕಬೇಕೆಂಬ ನಿಯಮ ಬಂದಿದೆ, ಹಾಕಿಯೂ ಇವೆ. ಗದಗ, ಲಕ್ಷ್ಮೇಶ್ವರ, ರಾಣೆಬೆನ್ನೂರಿನಂಥ ಊರಿಗೆ ಆ ನಕ್ಷೆ ಸರಿಯಾಗಿಯೇ ಇರುತ್ತದೆ. ಗುಡ್ಡದ ಮರೆಯ ಹಳ್ಳಿಗೆ ನಕ್ಷೆಯ ಬಣ್ಣ ಒಂದು, ಅಡುಗೆಮನೆಯ ಸತ್ಯ ಇನ್ನೊಂದು.

ಊರಲ್ಲಿ ಇನ್ನೊಂದು ಪ್ರಶ್ನೆ ಕೇಳಿ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ಕರೆಂಟ್ ಹೋದ ಮೇಲೆ ಯಾವ ಕಂಪನಿಯದು ಎಷ್ಟು ಹೊತ್ತು ಉಳಿಯುತ್ತದೆ? ಟವರಿನ ಬ್ಯಾಟರಿ ಹಳತಾಗಿದ್ದರೆ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಲೈನ್ ಹೋದ ಸ್ವಲ್ಪ ಹೊತ್ತಿಗೇ ಊರಿಗೂರೇ ಮೂಕ. ಮುಂಗಾರಿನ ಗಾಳಿ-ಮಳೆಯ ದಿನ ಇದರ ಬೆಲೆ ಗೊತ್ತಾಗುತ್ತದೆ. ಎರಡು ಸಿಮ್ ಹಾಕಿಕೊಂಡು ನಿಶ್ಚಿಂತೆಯಿಂದ ಇರುವವರೂ ಇಲ್ಲಿ ಎಡವುತ್ತಾರೆ. ಅನೇಕ ಕಡೆ ಒಂದೇ ಕಂಬದ ಮೇಲೆ ಎರಡು-ಮೂರು ಕಂಪನಿಗಳ ಆಂಟೆನಾ ಇರುತ್ತವೆ, ಕಂಬಕ್ಕೆ ಕರೆಂಟ್ ಹೋದರೆ ಎಲ್ಲವೂ ಒಟ್ಟಿಗೇ ಮಲಗುತ್ತವೆ. ನಿಮ್ಮ ಎರಡನೆಯ ಸಿಮ್ ಬೇರೆ ಕಂಪನಿಯದ್ದಾದರೆ ಸಾಲದು, ಬೇರೆ ಕಂಬದ್ದೂ ಆಗಿರಬೇಕು. ಊರ ಹುಡುಗರಿಗೆ ಯಾವ ಕಂಬದ ಮೇಲೆ ಯಾರಿದ್ದಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ, ಕೇಳಿ.

ಯಾವ ಕಂಪನಿಯೂ ನಡುಮನೆಯಲ್ಲಿ ಸಿಗದಿದ್ದರೆ? ಆಗಲೂ ದಾರಿಯಿದೆ: ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ವೈಫೈ ಇದ್ದ ಕಡೆ ಮಾಮೂಲಿ ನಂಬರಿನಿಂದಲೇ ಮಾಮೂಲಿ ಕರೆ ಹೋಗುತ್ತದೆ, ಎದುರಿನವರಿಗೆ ಏನೂ ಬೇಕಿಲ್ಲ, ಬೇರೆ ದುಡ್ಡೂ ಇಲ್ಲ. ಮನೆಗೆ ಫೈಬರ್ ಬಂದಿದ್ದರೆ ಸಲೀಸು. ಬಂದಿಲ್ಲವೆಂದರೆ ಮನೆಯ ಇನ್ನೊಂದು ಸಿಮ್ ಇರುವ ಹಳೆಯ ಸ್ಮಾರ್ಟ್‌ಫೋನನ್ನು ಸಿಗ್ನಲ್ ಸಿಗುವ ಕಿಟಕಿಯಲ್ಲಿ, ಬಿಸಿಲು ಬೀಳದಂತೆ, ಚಾರ್ಜಿಗೆ ಹಾಕಿಟ್ಟು ಹಾಟ್‌ಸ್ಪಾಟ್ ಮಾಡಿ. ಒಳಗಿನ ಫೋನು ಅದಕ್ಕೆ ಜೋತುಕೊಂಡು ಮಾತಾಡುತ್ತದೆ. ನೋಡಲು ಜುಗಾಡ್ ಅನ್ನಿಸಿದರೂ ಕೆಲಸ ಮಾಡುತ್ತದೆ. ಆದರೆ ‘ಸಿಗ್ನಲ್ ಬೂಸ್ಟರ್’ ಎಂದು ಮಾರುವ ಪೆಟ್ಟಿಗೆ ಮಾತ್ರ ತರಬೇಡಿ. ಪರವಾನಗಿ ಇಲ್ಲದೆ ಅದನ್ನು ಅಳವಡಿಸುವುದು ಕಾನೂನುಬಾಹಿರ, ನಿಮ್ಮ ಮನೆಗೆ ಎರಡು ಕಡ್ಡಿ ತಂದು ಅಕ್ಕಪಕ್ಕದ ಹತ್ತು ಮನೆಯ ಸಿಗ್ನಲ್ ಕೆಡಿಸುತ್ತದೆ.

ಸಿಮ್ ನಿರ್ಧಾರವಾಯಿತು ಎಂದುಕೊಳ್ಳೋಣ, ಇನ್ನು ಫೋನು. ಡಬ್ಬಿಯ ಮೇಲೆ ಅಥವಾ ಕಂಪನಿಯ ಜಾಲತಾಣದಲ್ಲಿ ಬ್ಯಾಂಡ್ ಪಟ್ಟಿ, ಅಂದರೆ ಫೋನು ಯಾವ ಯಾವ ತರಂಗ ಹಿಡಿಯುತ್ತದೆ ಎಂಬ ಪಟ್ಟಿ, ಇರುತ್ತದೆ. 4ಜಿಗೆ ಬಿ1, ಬಿ3, ಬಿ5, ಬಿ8, ಬಿ28, ಬಿ40 ಇರಬೇಕು. 5ಜಿಗೆ ಎನ್28 ಮತ್ತು ಎನ್78 ಇರಲೇಬೇಕು. ಎನ್28 ಎಂದರೆ ನಾನು ಮೇಲೆ ಹೇಳಿದ 700. ಇಂದು ಭಾರತಕ್ಕೆಂದೇ ಬರುವ ಹೊಸ 5ಜಿ ಫೋನುಗಳಲ್ಲಿ ಇವೆರಡೂ ಸಾಮಾನ್ಯವಾಗಿ ಇರುತ್ತವೆ. ತೊಂದರೆ ಬರುವುದು ದುಬೈಯಿಂದ ಯಾರೋ ತಂದುಕೊಟ್ಟ ಫೋನಿನಲ್ಲಿ, ಅಥವಾ 2020-21ರ ಕಾಲದ ಮೊದಲ 5ಜಿ ಫೋನನ್ನು ಸೆಕೆಂಡ್‌ಹ್ಯಾಂಡ್ ಕೊಂಡಾಗ. ಹೊಸ ಅಗ್ಗದ ಫೋನಿನಲ್ಲೂ ಒಂದು ಸಂಗತಿ ಅಡಗಿದೆ. 5ಜಿಯಲ್ಲಿ ಎರಡು ಬಗೆ: ತನ್ನ ಕಾಲ ಮೇಲೆ ತಾನೇ ನಿಲ್ಲುವ ಎಸ್‌ಎ, 4ಜಿಯ ಹೆಗಲು ಹಿಡಿದು ನಡೆಯುವ ಎನ್‌ಎಸ್‌ಎ. ಜಿಯೊದ್ದು ಮೊದಲನೆಯದು. ಏರ್‌ಟೆಲ್ ಮೊಬೈಲ್ 5ಜಿಯನ್ನು ಮುಖ್ಯವಾಗಿ ಎರಡನೆಯದರ ಮೇಲೆ ಕಟ್ಟಿತು. 2024ರ ನವೆಂಬರ್‌ನಲ್ಲಿ ಒಂಬತ್ತು ಸಾವಿರದೊಳಗೆ ಬಂದ ರೆಡ್ಮಿ ಎ4 5ಜಿ ಎಸ್‌ಎ ಬಗೆಯನ್ನಷ್ಟೇ ಹಿಡಿಯುತ್ತದೆ, ಎನ್‌ಎಸ್‌ಎ ನೆಟ್‌ವರ್ಕಿನಲ್ಲಿ ಅದು ಬರೀ 4ಜಿ ಫೋನು. ಅಂಗಡಿಯಲ್ಲಿ ‘ಎಸ್‌ಎ, ಎನ್‌ಎಸ್‌ಎ ಎರಡೂ ಅದಾವೇನ್ರೀ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದೆ ತಡಬಡಾಯಿಸಿದರೆ ಅಲ್ಲೇ ನಿಂತು ಕಂಪನಿಯ ಜಾಲತಾಣ ತೆರೆಸಿ.

ಇನ್ನು 4ಜಿ ಫೋನೇ ಸಾಕೇ ಎಂದರೆ, ಇವತ್ತಿನ ನಿಮ್ಮ ಊರಿಗೆ ಸಾಕು. ಆದರೆ ಫೋನನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವವರು ನೀವು, ದಿನಾ ಗದಗಕ್ಕೆ ಹೋಗಿಬರುವವರು, 15 ಸಾವಿರಕ್ಕೆ ಒಳ್ಳೆಯ 5ಜಿ ಫೋನು ಸಿಗುತ್ತದೆ. ನಾನಾದರೆ 5ಜಿಯದ್ದನ್ನೇ ಒಯ್ಯುತ್ತೇನೆ. ಅಂಗಡಿಯವರು ಕೊಟ್ಟ ಕಾರಣಕ್ಕಲ್ಲ, ಅಷ್ಟೇ.

ಬ್ಯಾಂಡ್ ಆದ ಮೇಲೆ ನಾನು ನೋಡುವುದು ಅಪ್‌ಡೇಟ್ ಎಷ್ಟು ವರ್ಷ ಎಂಬುದನ್ನು. ಇದು ಬ್ಯಾಂಕಿನ ಆ್ಯಪ್, ಫೋನ್‌ಪೇ, ಆಧಾರ್ ಎಲ್ಲ ಇರುವ ಫೋನು. ಸುರಕ್ಷತಾ ಅಪ್‌ಡೇಟ್ ನಿಂತ ಫೋನಿನಲ್ಲಿ ದುಡ್ಡಿನ ವ್ಯವಹಾರ ಮಾಡುವುದು ಚಿಲಕವಿಲ್ಲದ ಟ್ರಂಕಿನಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಇಟ್ಟಂತೆ. 2024ರ ಕೊನೆಗೆ ಬಂದ ಸ್ಯಾಮ್‌ಸಂಗ್ ಎ16 5ಜಿಗೆ ಆರು ವರ್ಷದ ಭರವಸೆ ಕೊಟ್ಟರು, ಬಿಡುಗಡೆಯಾದಾಗ ಅದರ ಬೆಲೆ ನಿಮ್ಮ ಬಜೆಟ್ಟಿಗಿಂತ ಮೇಲಿತ್ತು. ಈ ದರದ ಉಳಿದ ಫೋನುಗಳಲ್ಲಿ ಎರಡು ಆಂಡ್ರಾಯ್ಡ್ ಅಪ್‌ಡೇಟ್, ಮೂರು-ನಾಲ್ಕು ವರ್ಷದ ಸುರಕ್ಷತಾ ಅಪ್‌ಡೇಟ್ ಸಿಕ್ಕರೆ ಒಪ್ಪಬಹುದು. ಆ ಲೆಕ್ಕ ಶುರುವಾಗುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಹಬ್ಬದ ಆಫರ್‌ನಲ್ಲಿ ಎರಡು ವರ್ಷ ಹಳೆಯ ಮಾದರಿ ಅಗ್ಗಕ್ಕೆ ಬಂದರೆ ಅರ್ಧ ಆಯುಷ್ಯ ಆಗಲೇ ಮುಗಿದಿರುತ್ತದೆ.

ರ‍್ಯಾಮ್ 6 ಜಿಬಿ, ಸಂಗ್ರಹ 128 ಜಿಬಿ, ಇದಕ್ಕಿಂತ ಕೆಳಗಿಳಿಯಬೇಡಿ. ‘8 ಜಿಬಿ ಪ್ಲಸ್ 8 ಜಿಬಿ’ ಎಂದು ಬರೆದಿದ್ದರೆ ಎರಡನೆಯ 8 ಜಿಬಿ ಬರೀ ಸಂಗ್ರಹದಿಂದ ಎರವಲು ತಂದದ್ದು, ನಿಜವಾದ ರ‍್ಯಾಮ್ ಅಲ್ಲ. ಸಂಗ್ರಹ ಯುಎಫ್‌ಎಸ್ ಬಗೆಯದೇ ಎಂದು ನೋಡಿ, ಇಎಂಎಂಸಿ ಆದರೆ ಫೋಟೊ-ವಿಡಿಯೊ ತುಂಬಿದಂತೆಲ್ಲ ಫೋನು ಆಮೆಯಾಗುತ್ತದೆ. ಡೈಮೆನ್ಸಿಟಿ 6300, ಸ್ನಾಪ್‌ಡ್ರಾಗನ್ 4 ಜೆನ್ 2 ಮಟ್ಟದ ಚಿಪ್ ನಿಮ್ಮ ಕೆಲಸಕ್ಕೆ ಧಾರಾಳ. ಬ್ಯಾಟರಿ 5000 ಎಂಎಎಚ್ ಈಗ ಎಲ್ಲದರಲ್ಲೂ ಇದೆ, ಹೆಚ್ಚಿದ್ದರೆ ಒಳ್ಳೆಯದು. ಸಿಗ್ನಲ್ ಬಡವಾಗಿರುವ ಊರಿನಲ್ಲಿ ಫೋನು ಟವರಿಗಾಗಿ ಕೂಗಿ ಕೂಗಿ ಬ್ಯಾಟರಿ ಬೇಗ ಕರಗಿಸುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೋ ಇಲ್ಲವೋ ಕೇಳಿ, ಇಲ್ಲದಿದ್ದರೆ ಆ ಖರ್ಚನ್ನೂ 15 ಸಾವಿರದೊಳಗೆ ಹಿಡಿಯಿರಿ.

ಹೊಲಕ್ಕೆ ಒಯ್ಯುವ ಫೋನಾದ್ದರಿಂದ ಪರದೆಯ ಬಗ್ಗೆ ಸ್ವಲ್ಪ ಹಟ ಮಾಡಿ. ಎಸಿ ಅಂಗಡಿಯ ದೀಪದಡಿ ಎಲ್ಲ ಪರದೆಯೂ ಮಿನುಗುತ್ತದೆ. ಡೆಮೊ ಫೋನನ್ನು ಹೊರಗೆ ತಂದು ಮಧ್ಯಾಹ್ನದ ಬಿಸಿಲಿಗೆ ಹಿಡಿದು ವಾಟ್ಸ್ಆ್ಯಪ್ ಓದಲು ಬರುತ್ತದೆಯೇ ನೋಡಿ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಬಿಸಿಲೇ ನಿಮ್ಮ ಪ್ರಯೋಗಶಾಲೆ. ಡಬ್ಬಿಯ ಮೇಲಿನ ‘ಪೀಕ್ ಬ್ರೈಟ್‌ನೆಸ್’ ಅಂಕಿ ಪರದೆಯ ಚಿಕ್ಕ ಭಾಗಕ್ಕೆ, ಕ್ಷಣಕಾಲಕ್ಕೆ ಸಿಗುವಂಥದ್ದು. ಇನ್ನು ಕ್ಯಾಮೆರಾ: 50 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾ ಒಂದಿದ್ದರೆ ಆಯಿತು, ಪಕ್ಕದ 2 ಮೆಗಾಪಿಕ್ಸೆಲ್‌ನವು ಮದುವೆ ಮನೆಯ ಹೆಚ್ಚುವರಿ ಕುರ್ಚಿ. ಹತ್ತಿರದಿಂದ ಎಲೆಯೊಂದಕ್ಕೆ ಸ್ಪಷ್ಟವಾಗಿ ಫೋಕಸ್ ಆಗುತ್ತದೆಯೇ ನೋಡಿ. ಮೆಣಸಿನ ಗಿಡದ ಎಲೆ ಮುದುಡಿದ ಫೋಟೊವನ್ನು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಿಗೋ ಕಳಿಸಿ ಕೇಳುವಾಗ ಮಸುಕು ಚಿತ್ರ ಯಾರಿಗೂ ಉಪಯೋಗವಿಲ್ಲ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೊ ತೆಗೆಯಬೇಕಾದ್ದರಿಂದ ಜಿಪಿಎಸ್ ಬೇಗ ಹಿಡಿಯುವ ಫೋನು ಬೇಕು. ಡೆಮೊ ಫೋನಿನಲ್ಲಿ ಮ್ಯಾಪ್ ತೆರೆದು, ಬಿಸಿಲಿಗೆ ತಂದಾಗಲೇ, ಅದನ್ನೂ ನೋಡಿಬಿಡಿ.

ಧೂಳು-ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿ ಇದ್ದರೆ ಸಂತೋಷ, ಆದರೂ ನೀರು ಹೋದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಬ್ರ್ಯಾಂಡ್‌ನ ಅಧಿಕೃತ ಸರ್ವಿಸ್ ಸೆಂಟರ್ ಗದಗದಲ್ಲಿದೆಯೋ, ಪ್ರತಿ ಸಲ ಹುಬ್ಬಳ್ಳಿಗೇ ಓಡಬೇಕೋ ಎಂದು ಮೊದಲೇ ತಿಳಿದುಕೊಳ್ಳಿ. ಒಂದು ದಿನದ ಕೂಲಿ, ಬಸ್ ಚಾರ್ಜು ಸೇರಿಸಿದರೆ ಐನೂರು ರೂಪಾಯಿ ಕಡಿಮೆಗೆ ಸಿಕ್ಕ ಫೋನು ದುಬಾರಿಯಾಗುತ್ತದೆ.

ಕೊಳ್ಳುವಾಗ ಜಿಎಸ್‌ಟಿ ಬಿಲ್ ಬಿಡಬೇಡಿ. ಫೋನಿನ ಮೇಲೆ 18 ಶೇಕಡಾ ತೆರಿಗೆ ಬೆಲೆಯಲ್ಲೇ ಸೇರಿದೆ. ‘ಬಿಲ್ ಇಲ್ದಿದ್ರ ಕಡಿಮಿ ಮಾಡ್ತೀನಿ’ ಎಂದರೆ ವಾರಂಟಿಯ ಆಧಾರವನ್ನೇ ಬಿಟ್ಟುಕೊಟ್ಟಂತೆ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಡಬ್ಬಿಯದು, ಬಿಲ್ಲಿನದು ಮೂರೂ ಒಂದೇ ಇರಬೇಕು. ಸೆಕೆಂಡ್‌ಹ್ಯಾಂಡ್ ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳವಾಗಿ ಬ್ಲಾಕ್ ಆದ ಫೋನಾದರೆ ಗೊತ್ತಾಗುತ್ತದೆ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ಇದೇ ಪರೀಕ್ಷೆ ಉಂಟು. ‘ನೋ ಕಾಸ್ಟ್’ ಕಂತು ಎಂದಾಗ ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿಯ ಮೇಲಿನ ಜಿಎಸ್‌ಟಿ ಯಾರ ತಲೆಗೆ ಎಂದು ಕೇಳಿ. ಕೆಲವು ಸಾಲದ ಫೋನುಗಳಲ್ಲಿ ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆ್ಯಪ್ ಹಾಕಿರುತ್ತಾರೆ. ದುಡಿಮೆ ಬೆಳೆಯ ಮೇಲೆ ನಿಂತಿರುವ ಮನೆಗೆ ಇದು ಹೊಂದುವುದಿಲ್ಲ. ಆರು ತಿಂಗಳು ಕೂಡಿಟ್ಟು ನಗದು ಕೊಟ್ಟು ತನ್ನಿ ಎಂದೇ ಹೇಳುತ್ತೇನೆ.

ಈಗ ರೀಚಾರ್ಜ್. ತಿಂಗಳು ಎಂದು ನಾವು ಹೇಳುವುದನ್ನು ಕಂಪನಿಗಳು 28 ದಿನ ಮಾಡಿ ವರ್ಷಕ್ಕೆ 13 ಸಲ ದುಡ್ಡು ತೆಗೆಯುತ್ತವೆ. ಹೋಲಿಸುವಾಗ ಬೆಲೆ ನೋಡಬೇಡಿ, ಬೆಲೆಯನ್ನು ದಿನಗಳಿಂದ ಭಾಗಿಸಿ. 2024ರ ಜುಲೈನ ದರ ಏರಿಕೆಯ ನಂತರದ ಜಿಯೊ ಪ್ಲಾನನ್ನೇ ತೆಗೆದುಕೊಳ್ಳಿ: ದಿನಕ್ಕೆ 1.5 ಜಿಬಿಯದು 28 ದಿನಕ್ಕೆ 299 ರೂ., ಅದೇ 84 ದಿನಕ್ಕೆ 799 ರೂ. ಇತ್ತು. ಮೊದಲನೆಯದು ದಿನಕ್ಕೆ 10 ರೂಪಾಯಿ 68 ಪೈಸೆ, ಎರಡನೆಯದು 9 ರೂಪಾಯಿ 51 ಪೈಸೆ. ವರ್ಷಕ್ಕೆ 400 ರೂಪಾಯಿಗೂ ಮಿಕ್ಕಿ ವ್ಯತ್ಯಾಸ. ದರಗಳು ಬದಲಾಗುತ್ತವೆ, ಕಟ್ಟುವ ದಿನ ಆ್ಯಪ್‌ನಲ್ಲಿ ನೋಡಿ ಇದೇ ಭಾಗಾಕಾರ ಮಾಡಿ. ಹಾಗೆಂದು ಹೊಸ ಸಿಮ್ಮಿಗೆ ಮೊದಲ ದಿನವೇ ವರ್ಷದ ಪ್ಲಾನ್ ಹಾಕಿಸಬೇಡಿ. ಒಂದು 28 ದಿನದ್ದು ಹಾಕಿಸಿ ಮಳೆ, ಕರೆಂಟು, ರಾತ್ರಿಯ ದಟ್ಟಣೆ ಎಲ್ಲ ನೋಡಿ, ಆಮೇಲೆ ಉದ್ದದ್ದಕ್ಕೆ ಹೋಗಿ. ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರೆ, ಅಂದರೆ ಪೋರ್ಟ್ ಆದರೆ, ಉಳಿದ ಅವಧಿಯ ದುಡ್ಡು ವಾಪಸ್ ಬರುವುದಿಲ್ಲ.

ಡೇಟಾ ಎಷ್ಟು ಬೇಕು ಎಂದು ಊಹಿಸುವ ಬದಲು ಈಗಿನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಳೆದ ತಿಂಗಳ ಬಳಕೆ ನೋಡಿ. ಬಹಳ ಜನ ದಿನಕ್ಕೆ 2 ಜಿಬಿ ಕೊಂಡು ಅರ್ಧವನ್ನೂ ಮುಟ್ಟಿರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಉಳಿದದ್ದು ಹೋಗಿಬಿಡುತ್ತದೆ. ಜಿಯೊ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿ ಕೊಡುವುದು ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಮೇಲಿನ ಪ್ಲಾನ್‌ಗಳಿಗೆ. ಊರಲ್ಲಿ 5ಜಿ ಇಲ್ಲದವರು ಆ ಹೆಚ್ಚಿನ ದುಡ್ಡು ಕೊಟ್ಟು ಪಡೆಯುವುದು ಏನೂ ಇಲ್ಲ. ನಿಮ್ಮ ಲೆಕ್ಕ ಬೇರೆ: ಗದಗದಲ್ಲಿ ಕೆಲಸದ ಹೊತ್ತಿನಲ್ಲಿ ಎಷ್ಟು ಬಳಸುತ್ತೀರಿ ಎಂಬುದರ ಮೇಲಿದೆ. 5ಜಿಗೆಂದು ಸಿಮ್ ಬದಲಿಸುವ ಅಗತ್ಯ ಇಲ್ಲ, ಈಗಿನ 4ಜಿ ಸಿಮ್ಮೇ ಸಾಕು. ‘5ಜಿ ಅಪ್‌ಗ್ರೇಡ್ ಮಾಡ್ತೀವಿ, ಓಟಿಪಿ ಹೇಳಿ’ ಎಂದು ಫೋನ್ ಬಂದರೆ ಮುಲಾಜಿಲ್ಲದೆ ಇಟ್ಟುಬಿಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಿತಿಯಿಲ್ಲದ 5ಜಿಗೆ ದುಡ್ಡು ಕೊಡಬಹುದಾದವರು ನಿಮ್ಮ ತಂಗಿ. ಸಪ್ತಾಪುರದಲ್ಲಿ ಪಿಜಿ ಪಕ್ಕ ಪಿಜಿ, ಕೋಚಿಂಗ್ ಪಕ್ಕ ಕೋಚಿಂಗ್. ರಾತ್ರಿ ಎಲ್ಲರೂ ಒಟ್ಟಿಗೇ ತರಗತಿಯ ವಿಡಿಯೊ ತೆರೆದರೆ 4ಜಿ ಉಸಿರುಗಟ್ಟುತ್ತದೆ. ಜನ ಕಿಕ್ಕಿರಿದ ಇಂಥ ಜಾಗದಲ್ಲೇ 3300ರ ಅಗಲ ಪಟ್ಟಿಯ ನಿಜವಾದ ಲಾಭ ಕಾಣುವುದು. ಪಿಜಿಯಲ್ಲಿ ಒಳ್ಳೆಯ ವೈಫೈ ಇದ್ದರೆ ಇದೂ ಬೇಡ, ಕಡಿಮೆ ಡೇಟಾದ ಪ್ಲಾನ್ ಸಾಕು. ತರಗತಿಯ ವಿಡಿಯೊವನ್ನು 1080ರ ಬದಲು 480ರಲ್ಲಿ ನೋಡಿದರೆ ಬೋರ್ಡಿನ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಡೇಟಾ ಮೂರರಲ್ಲೊಂದು ಪಾಲಿಗೂ ಇಳಿಯಬಹುದು. ಅವಳಿಗೆ ಕನ್ನಡಿಯಂಥ ಚಿತ್ರಕ್ಕಿಂತ ತಿಂಗಳ ಕೊನೆಗೆ ಉಳಿಯುವ ದುಡ್ಡು ಮುಖ್ಯ ಎಂದುಕೊಂಡಿದ್ದೇನೆ.

ಅಪ್ಪನ ವಿಷಯವನ್ನು ನೀವು ಕೇಳಲಿಲ್ಲ, ಆದರೆ ಮನೆಯ ದುಡ್ಡು ಹೆಚ್ಚು ಸೋರುತ್ತಿರುವುದು ಬಹುಶಃ ಅಲ್ಲೇ. ಕೀಪ್ಯಾಡ್ ಫೋನಿಗೆ ಡೇಟಾ ಪ್ಲಾನ್ ಹಾಕಿಸುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಡೇಟಾ ಬೇಡದವರಿಗೆ ಬರೀ ಕರೆ-ಎಸ್‌ಎಂಎಸ್ ಪ್ಲಾನ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಅವು ಬಂದವು. ಆಗ ಏರ್‌ಟೆಲ್ 365 ದಿನಕ್ಕೆ 1,849 ರೂ., ಜಿಯೊ 336 ದಿನಕ್ಕೆ 1,748 ರೂ. ಇಟ್ಟವು. ನೋಡಲು ಎರಡನೆಯದು ಅಗ್ಗ. ಭಾಗಿಸಿದರೆ ಏರ್‌ಟೆಲ್‌ದು ದಿನಕ್ಕೆ 5 ರೂಪಾಯಿ 7 ಪೈಸೆ, ಜಿಯೊದ್ದು 5 ರೂಪಾಯಿ 20 ಪೈಸೆ. ಇಂಥ ಪ್ಲಾನ್‌ಗಳು ಆ್ಯಪ್‌ನ ಮೊದಲ ಪುಟದಲ್ಲಿ ಕಣ್ಣಿಗೆ ಬೀಳುವುದು ಕಡಿಮೆ, ಕೆಳಗೆ ಸರಿಸಿ ಹುಡುಕಿ. ಜಿಯೊಗೆ 2ಜಿ ಇಲ್ಲ, ಅಪ್ಪನ ಹಳೆಯ ಕೀಪ್ಯಾಡ್ ಫೋನಿನಲ್ಲಿ ಅದರ ಸಿಮ್ ಹಾಕಿದರೆ ಮಾತೇ ಆಡದು, 4ಜಿ ಇರುವ ಕೀಪ್ಯಾಡ್ ಫೋನೇ ಬೇಕು. ಮನೆಯ ಎಲ್ಲರನ್ನೂ ಒಂದೇ ಕಂಪನಿಗೆ ಪೋರ್ಟ್ ಮಾಡಿಸುವ ಹುಮ್ಮಸ್ಸಿನಲ್ಲಿ ಇದನ್ನು ಮರೆಯುವವರು ಬಹಳ.

ಆ ನಂಬರ್ ಬ್ಯಾಂಕಿಗೆ, ಆಧಾರಿಗೆ, ಪಹಣಿಯ ಕೆಲಸಕ್ಕೆ ಜೋಡಿಸಿದ್ದಾದರೆ ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಬಳಕೆಯೇ ಇಲ್ಲದೆ 90 ದಿನ ಕಳೆದರೆ ಸಂಪರ್ಕ ಕಡಿಯಬಹುದು, ಕಡಿದ ನಂಬರನ್ನು ಮತ್ತೆ 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಓಟಿಪಿ ಹೋಗುವುದು ಅಪರಿಚಿತರ ಕೈಗೆ. ಪ್ರಿಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅಷ್ಟನ್ನು ಮುರಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕೆಂಬ ನಿಯಮವಿದೆ. ಅದು ಆಪತ್ತಿಗಷ್ಟೇ.

ಪರೀಕ್ಷೆಯೆಲ್ಲ ಮುಗಿದು ಕಂಪನಿ ಬದಲಿಸುವುದೇ ಸರಿ ಅನ್ನಿಸಿದರೆ ನಂಬರ್ ಬದಲಿಸಬೇಕಿಲ್ಲ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿ. ಬರುವ ಕೋಡ್ ನಾಲ್ಕು ದಿನ ಬಾಳುತ್ತದೆ, ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋಗಿ. ರಾಜ್ಯವೆಲ್ಲ ಒಂದೇ ವಲಯವಾದ್ದರಿಂದ ಮೂರು ಕೆಲಸದ ದಿನಗಳಲ್ಲಿ ಆಗಬೇಕು. ಇತ್ತೀಚೆಗೆ ಸಿಮ್ ಕಳೆದು ಹೊಸದು ಮಾಡಿಸಿದ್ದರೆ ಏಳು ದಿನ ಕಾಯಿರಿ, ಅದಕ್ಕೂ ಮೊದಲು ಕೋಡ್ ಸಿಗದು. ಬದಲಾಗುವ ದಿನ ಕೆಲವು ತಾಸು ಎರಡೂ ಸಿಮ್ ಸುಮ್ಮನಿರುತ್ತವೆ. ಆ ದಿನ ಎಪಿಎಂಸಿಯ ಹಣ ಬರುವುದಿದ್ದರೆ ಅಥವಾ ತಂಗಿಯ ಪರೀಕ್ಷೆಯ ಅರ್ಜಿಗೆ ಓಟಿಪಿ ಬೇಕಿದ್ದರೆ ಪೋರ್ಟಿಂಗ್ ಅನ್ನು ಒಂದು ವಾರ ಮುಂದೂಡಿ.